ಎಡಗಡೆಯ ಜೇಬು

ನೀನು ಇದನ್ನು ಓದುವುದಿಲ್ಲವೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ ಕಣೇ.

ಇವತ್ತು ಬೆಳಿಗ್ಗೆ ನಮ್ಮ ಬೇಕರಿಗೆ ಹೊಸಬಳು ಕೆಲಸಕ್ಕೆ ಬಂದಳು. ನೀನು ಬಿಟ್ಟುಹೋದ ಮೇಲೆ ಇವಳು ಮೂರನೆಯವಳು. ಇವಳಾದರೂ ನಿಲ್ಲಲಿ ಎಂದು ನಾನೇ ಕೂತು ಅವಳಿಗೊಂದು ಏಪ್ರನ್ ಹೊಲಿದಿದ್ದೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನೀನು ಬರೆದ ನಮೂನೆ ಇನ್ನೂ ಹಿಟ್ಟಿನ ಡಬ್ಬಗಳ ಹಿಂದೆಯೇ ಇತ್ತು. ಎಲ್ಲಿ ಗೆರೆ ತಪ್ಪೀತೋ ಎಂದು ಮೂರು ಸಲ ಅಳೆದು ಕತ್ತರಿಸಿದೆ. ಜೇಬನ್ನೂ ನೀನು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದ ಜಾಗಕ್ಕೇ ಕೂರಿಸಿದೆ.

ಮೊದಲ ಆರ್ಡರ್ ಬರೆದುಕೊಂಡ ಹೊಸಬಳು ಪೆನ್ನು ಇಡಲು ಬಲಗೈಯನ್ನು ಸೊಂಟಕ್ಕೆ ಒಯ್ದಳು. ಅಲ್ಲಿ ಜೇಬಿರಲಿಲ್ಲ. ಪೆನ್ನು ನೆಲಕ್ಕೆ ಬಿತ್ತು.

"ಅಕ್ಕಾ, ಜೇಬು ಈ ಕಡೆ ಯಾಕಿಟ್ರಿ? ಎಲ್ಲರಿಗೂ ಬಲಗಡೆ ಅಲ್ವಾ ಇರೋದು?"

ಅಂಗಡಿ ತುಂಬ ಗಿರಾಕಿಗಳಿದ್ದರು. ಎಡಗೈಯವಳೆಂದು ನಾನು ನಿನ್ನನ್ನು ಹೀಯಾಳಿಸಿದ ದಿನವೂ ಅಂಗಡಿ ಹೀಗೇ ತುಂಬಿತ್ತು. ಬಗ್ಗಿ ಪೆನ್ನನ್ನು ಎತ್ತಿ ಅವಳ ಕೈಗೆ ಕೊಟ್ಟೆ.

"ನಂದೇ ತಪ್ಪು. ಬಿಚ್ಚಿ ಹಾಕ್ಕೊಡ್ತೀನಿ, ಅಲ್ಲೀವರೆಗೆ ನನ್ನದು ಹಾಕ್ಕೋ," ಎಂದೆ.

ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಹೊಲಿಗೆಗೆ ಬ್ಲೇಡು ಇಟ್ಟೆ. ಒಂದು ಎಳೆಯನ್ನೂ ಕೀಳಲಾಗಲಿಲ್ಲ. ಅವಳಿಗೆ ಬೇರೆ ಬಟ್ಟೆ ತಂದು ಹೊಲಿಯುತ್ತೇನೆ. ಇದನ್ನು ನೀನು ಏಪ್ರನ್ ತೂಗುಹಾಕುತ್ತಿದ್ದ ಮೊಳೆಗೇ ನೇತುಹಾಕಿದ್ದೇನೆ.

ಆಗಿನಿಂದ ಬಾಗಿಲ ಸದ್ದಾದರೆ ಸಾಕು, ಬಂದವರ ಮುಖ ನೋಡುವ ಮೊದಲೇ ಅವರು ಯಾವ ಕೈಯಲ್ಲಿ ಬಾಗಿಲು ತಳ್ಳಿದರೆಂದು ನೋಡುತ್ತಿದ್ದೇನೆ.