ಕಡಲ ಹಸುವಿಗೊಂದು ಹೆಸರು

ಬೆಳಕವಾಡಿ, ಮಳವಳ್ಳಿ ತಾಲ್ಲೂಕು
20-1-2025, ಸೋಮವಾರ

ನನ್ನ ಸೊಸೆ ಅರ್ಪಿತಂಗೆ ನಿನ್ನ ಅತ್ತೆ ಊರಿಂದಲೇ ತಲೆ ಸವರಿ ಬರೆಯುವ ಕಾಗದ.

ಹೆಂಗಿದ್ದೀಯ ಕೂಸೇ? ಆ ಒಣ ಕೆಮ್ಮು ವಾಸಿಯಾಯ್ತಾ? ಗುರುವಾರ ಫೋನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಜಾಸ್ತಿ. ಆ ಕಚ್ಛ್ ಸೀಮೆಯ ಧೂಳು ಎಂಥದ್ದು ಅಂತ ನಿಮ್ ಮಾವ ಹೇಳ್ತಿದ್ರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಕಲ್ಲು ಕೆರೀಬೇಡ. ಮೆಣಸು ಕುಟ್ಟಿ, ಬೆಲ್ಲ ಹಾಕಿ ಕಷಾಯ ಕಾಯಿಸ್ಕೊಂಡು ಕುಡಿ. ರಾಗಿಹಿಟ್ಟು ಮುಗಿದಿರಬೇಕು, ಗುಜರಾತಿನ ರೊಟ್ಟಿ ತಿಂದು ತಿಂದು ನಾಲಿಗೆ ಕೆಟ್ಟಿರುತ್ತೆ, ಈ ವಾರ ಪಾರ್ಸಲ್ ಮಾಡಿಸ್ತೀನಿ. ನಿನ್ನ ಗಂಡ, ನಮ್ಮ ಯತೀಶ, ಚೆನ್ನಾಗವ್ನೆ. ಮದ್ದೂರಿನ ಹೈಸ್ಕೂಲಲ್ಲಿ ವಾರವೆಲ್ಲ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಶನಿವಾರ ಬತ್ತಾನೆ, ಮುದ್ದೆ ಉಣ್ಣುತ್ತಾನೆ, ಫೋನಲ್ಲಿ ನಿನ್ನ ಫೋಟೋ ತೋರಿಸ್ತಾನೆ. ಕಪ್ಪಗಾಗಿದ್ದೀಯ. ಆಗು, ಬುಡು. ಕಬ್ಬಿನ ಗದ್ದೇಲಿ ನಾವೇನು ಬೆಳ್ಳಗಾದ್ವಾ?

ಕೂತಾಗ ಶಾಲೆಯ ಕನ್ನಡದಲ್ಲೇ ಬರೀಬೇಕು ಅಂತ ಮನಸ್ಸು ಮಾಡಿದ್ದೆ. ಏಳನೇ ಕ್ಲಾಸು ಪಾಸಾದವಳು ನಾನು, ಸುಮ್ನೆ ಅಲ್ಲ. ನೋಡಿದ್ರೆ ನಾಲ್ಕು ಸಾಲಿಗೇ ನಮ್ಮ ಮಾತು ಬಂದುಬುಟ್ಟೈತೆ, ಇರಲಿ. ಗುರುವಾರ ನೀನು ಒಂದು ಮಾತು ಕೇಳಿದೆ. ನಿನಗೆ ಸಿಕ್ಕಿರೋ ಕಡಲ ಹಸುವಿನ ಕಲ್ಲಾದ ಮೂಳೆ ಹೊಸಾ ಜಾತೀದು ಅಂತ ಪತ್ರಿಕೆಯ ಮೂವರು ಪರೀಕ್ಷಕರೂ ಒಪ್ಪಿದ್ರು, ಈಗ ಅದಕ್ಕೊಂದು ಹೆಸರಾಗಬೇಕು, ಮಾವನ ಹೆಸರು ಇಡಲಾ ಅತ್ತೆ, ಅಂತ. ನಾನೋ, ಒಲೆ ಮೇಲೆ ಹಾಲೈತೆ ಅಂತ ಫೋನ್ ಇಟ್ಟುಬುಟ್ಟೆ. ಹಾಲೂ ಇರಲಿಲ್ಲ, ಒಲೆಯೂ ಹಚ್ಚಿರಲಿಲ್ಲ. ನೀನು ಬೇಜಾರು ಮಾಡ್ಕೊಂಡೆ ಅಂತ ಯತೀಶ ಹೇಳಿದ. ನಾಳೆಯೊಳಗೆ ಹೆಸರು ತಿಳಿಸಬೇಕಂತೆ, ಒಂದು ಸಲ ಅಚ್ಚಾದ್ರೆ ಯಾವ ಕಾಲಕ್ಕೂ ಬದಲಾಯಿಸೋ ಹಂಗಿಲ್ಲವಂತೆ. ಅದಕ್ಕೇ ಬೆಳಿಗ್ಗೆ ಕಸ ಗುಡಿಸೋದೂ ಬಿಟ್ಟು ಬರೆಯೋಕೆ ಕೂತೆ.

ಮೊದಲು ನಿನ್ನ ಹೊಗಳಿಬುಡ್ತೀನಿ. ನೀನು ಎದುರಿಗಿದ್ರೆ ನನ್ನ ಬಾಯಿಂದ ಬೈಗುಳವೇ ಬರೋದು. ನಿನ್ನ ಮೊದಲನೇ ಲೇಖನ ನೆನಪೈತಾ, ಆಮೆ ಚಿಪ್ಪಿಂದು? ದೊಡ್ಡ ಪತ್ರಿಕೇಲಿ ಬಂತು ಅಂತ ಬೀದಿಗೆಲ್ಲ ಮದ್ದೂರು ವಡೆ ಹಂಚಿದ್ವಿ. ಓದೋಣ ಅಂತ ಯತೀಶ ಫೋನಲ್ಲಿ ತೆಗೆದ್ರೆ ಮೇಲೆ ನಿನ್ನ ಹೆಸರು, ಕೆಳಗೆ ನಾಲ್ಕು ಸಾಲು, ಆಮೇಲೆ ಬೀಗದ ಚಿತ್ರ. ಕಾಸು ಕಟ್ಟಿದ್ರೆ ಮುಂದಕ್ಕೆ, ಇಲ್ದಿದ್ರೆ ನಡೀರಿ ಮನೆಗೆ. ಕಾಲೇಜು ಬದಲಾಯಿಸಿದ ಮೇಲೆ ನೀನೇ ತೆಗೆಯೋಕೆ ಹೋದ್ರೆ ನಿನಗೂ ತೆಗೀಲಿಲ್ಲ. ಅಡುಗೆ ಮಾಡಿದೋಳಿಗೇ ಎಲೆ ಹಾಕಲ್ಲ ಅಂದಂಗಾಯ್ತು ಅಂತ ನಾನು ನಕ್ಕೆ, ನೀನು ಮಾತ್ರ ನಗಲಿಲ್ಲ. ಈ ಸಲ ನಿಮ್ಮ ಪ್ರೊಫೆಸರು ಮತ್ತೆ ಅಂಥದ್ದಕ್ಕೇ ಕೊಡು ಅಂದಾಗ, ಮೂಳೆ ಸಿಕ್ಕಿದ ಊರಿನೋರು ಓದಬೇಕು ಸಾರ್, ನಮ್ಮೂರಿನೋರೂ ಓದಬೇಕು ಅಂತ ಪಟ್ಟು ಹಿಡಿದೆಯಂತಲ್ಲ. ಈಗಿನ ಪತ್ರಿಕೆಗೆ ಓದೋರೂ ಕಾಸು ಕೊಡಂಗಿಲ್ಲ, ಬರೆಯೋರೂ ಕೊಡಂಗಿಲ್ಲವಂತೆ. ಬೇಸಿಗೇಲಿ ದಾರಿ ಪಕ್ಕ ಅರವಟ್ಟಿಗೆ ಇಟ್ಟು ಹೋಗೋರು ಬರೋರಿಗೆಲ್ಲ ನೀರುಮಜ್ಜಿಗೆ ಕೊಡ್ತಾರಲ್ಲ, ಹಂಗೆ. ದೊಡ್ಡ ಹೆಸರಿನ ಪತ್ರಿಕೆ ಅಲ್ಲ ಅಂತ ಕೆಲವರು ಮೂಗು ಮುರೀತಾರೆ, ನಾಳೆ ಕೆಲಸಕ್ಕೆ ಅರ್ಜಿ ಹಾಕುವಾಗ ಇವಳಿಗೇ ತೊಂದರೆ ಆಗಬೋದು ಅಂತ ಯತೀಶ ಹೇಳಿದ. ಗೊತ್ತಿದ್ದೂ ಮಾಡಿದೆಯಲ್ಲ, ಅದು ಎದೆಗಾರಿಕೆ ಕಣಮ್ಮಾ.

ಹೋದ ತಿಂಗಳು ಕರಡನ್ನ, ಪರೀಕ್ಷಕರ ತಕರಾರು ಮತ್ತು ನಿನ್ನ ಉತ್ತರದ ಸಮೇತ, ಲೋಕಕ್ಕೆಲ್ಲ ಕಾಣೋ ಹಂಗೆ ಹಾಕಿದ್ರಲ್ಲ, ಅದನ್ನ ಯತೀಶ ನಮ್ಮ ಜಗಲಿ ಮೇಲೆ ಕೂತು ಓದಿ ಕನ್ನಡದಲ್ಲಿ ಹೇಳಿದ. ಪಕ್ಕದ ಮನೆ ಕವಿತ, ಎದುರು ಮನೆ ವನಜಾ, ನಾನು, ಮೂವರೂ ಅವರೆಕಾಳು ಹಿದುಕ್ತಾ ಕೇಳಿದ್ವಿ. ನಾಲ್ಕು ಕೋಟಿ ವರ್ಷಕ್ಕೂ ಹಿಂದಿನ ಪ್ರಾಣಿ, ನೀರಲ್ಲೇ ಹುಲ್ಲು ಮೇಯೋದು, ಹಿಂಗಾಲು ಇನ್ನೂ ಪೂರ್ತಿ ಹೋಗಿರಲಿಲ್ಲ, ಮೇಲಕ್ಕೆ ತೇಲಬಾರದು ಅಂತ ಪಕ್ಕೆಲುಬೇ ಗುಂಡುಕಲ್ಲಿನಂಗೆ ಭಾರ. ವನಜಾ ಕೈಲಿದ್ದ ಕಾಳು ಕೈಲೇ ಬಿಟ್ಟು ಬಾಯಿ ತೆರಕೊಂಡು ಕೂತಿದ್ಲು. ಆ ಮೂವರು ಪರೀಕ್ಷಕರಲ್ಲಿ ಒಬ್ಬ, ಇದು ಹೊಸಾ ಜಾತಿಯಲ್ಲ, ಗೊತ್ತಿರೋ ಜಾತಿಯದ್ದೇ ಮರಿ, ಅದಕ್ಕೇ ದವಡೆ ಚಿಕ್ಕದು ಅಂತ ಬರೆದಿದ್ನಲ್ಲ, ನನಗೆ ಮೈಯೆಲ್ಲ ಉರಿದೋಯ್ತು. ಯಾವನ್ಲಾ ಅವನು, ಹಲ್ಲು ನೋಡದೆ ಕರು ಅನ್ನೋನು, ಅಂತ ಬೈದೆ. ಯತೀಶ ತಡಿಯಮ್ಮ ಅಂತ ನಿನ್ನ ಉತ್ತರ ಓದಿದ. ತಮ್ಮ ಸಂಶಯ ನ್ಯಾಯವಾದದ್ದೇ, ನಮಗೂ ಬಂದಿತ್ತು ಅಂತ ಶುರು ಮಾಡಿದ್ದೀಯ. ಆಮೇಲೆ ಕಡೇ ದವಡೆಹಲ್ಲು ಹುಟ್ಟಿ ಸವೆದೂ ಐತೆ, ತಲೆಬುರುಡೆಯ ಸಂದು ಬೆಸೆದುಕೊಂಡೈತೆ, ಮರಿಯಾಗಿದ್ರೆ ಹಿಂಗಿರಲ್ಲ ಅಂತ ಒಂದೊಂದಕ್ಕೂ ಫೋಟೋ, ಒಂದೊಂದಕ್ಕೂ ಅಳತೆ. ಒಂದು ಬಿರುಸು ಮಾತಿಲ್ಲ. ಕಾಲುವೆ ನೀರಿನ ಸರದಿಗೆ ನಾನು ಬಾಯಿ ಮಾಡೋದು ಇಡೀ ಊರಿಗೇ ಕೇಳುತ್ತೆ. ಬೈಯದೆಯೂ ಗೆಲ್ಲಬೋದು ಅಂತ ಈ ವಯಸ್ಸಿಗೆ ನಿನ್ನಿಂದ ಗೊತ್ತಾಯ್ತು. ಆ ಮನುಷ್ಯನೂ ದೊಡ್ಡೋನೇ ಬುಡು, ನನ್ನ ಅನುಮಾನ ತೀರಿತು ಅಂತ ಎಲ್ಲರೆದುರಿಗೇ ಬರೆದವ್ನೆ. ಕೆಳಗೆ ಈಜಿಪ್ಟಿನ ಹುಡುಗಿಯೊಬ್ಬಳು, ನಮ್ಮ ಮರಳುಗಾಡಲ್ಲೂ ಇಂಥದ್ದೇ ಒಂದು ದವಡೆ ಐತೆ, ನಿಮ್ಮದು ಪುಕ್ಕಟೆ ಓದೋಕೆ ಸಿಕ್ಕಿದ್ದರಿಂದ ಹೋಲಿಸಿ ನೋಡ್ದೆ ಅಂತ ಬರೆದಿದ್ಲು. ಎಲ್ಲಿಯ ಈಜಿಪ್ಟು, ಎಲ್ಲಿಯ ಬೆಳಕವಾಡಿ! ಅವರೆಕಾಯಿ ಸೊಗಡು ಕಣ್ಣಿಗೆ ಹೊಡೀತು ಅಂತ ಸೆರಗಲ್ಲಿ ಒರೆಸ್ಕೊಂಡೆ.

ಇನ್ನು ನಿಮ್ ಮಾವನ ಮಾತು. ಮದುವೆಯಾದ ವರ್ಷ ನೀನು ಓದು ನಿಲ್ಲಿಸಿಬುಡ್ತೀನಿ ಅಂತ ಅಡುಗೆಮನೆ ಸೇರಿದಾಗ, ಅಷ್ಟು ದೂರ ಹೊಸ ಸೊಸೇನ ಒಬ್ಬಳನ್ನೇ ಕಳಿಸೋದಾ ಅಂತ ನೆಂಟರೆಲ್ಲ ಗುಸುಗುಸು ಅಂದಾಗ, ನಡಿ ತಾಯಿ ನಾನೂ ಬತ್ತೀನಿ ಅಂತ ಟವಲ್ಲು ಹೆಗಲಿಗೆ ಹಾಕ್ಕೊಂಡು ಹೊರಟೋರು ಅವರು. ಬೆಟ್ಟದ ಜಾತ್ರೆಗೆ ಹೋಗಿ ಬರೋದು ಬಿಟ್ರೆ ಊರು ಬಿಟ್ಟವರಲ್ಲ. ಆ ಬಿಸಿಲಲ್ಲಿ ನಿನಗೆ ಕೊಡೆ ಹಿಡಕೊಂಡು, ನೀರು ಹೊತ್ಕೊಂಡು, ನೀನು ಹೇಳಿಕೊಟ್ಟಂಗೆ ಗೋಣಿ ಪಟ್ಟಿ ಹರಿದು ಪ್ಲಾಸ್ಟರಿಗೆ ಅದ್ದಿ ಮೂಳೆ ಸುತ್ತಲೂ ಸುತ್ತಿದ್ರಂತೆ. ಗೋಣಿ ಸಾಲದೆ ಬಂದಾಗ ನಾನು ರಾಗಿಹಿಟ್ಟು ತುಂಬಿಕೊಟ್ಟಿದ್ದ ಚೀಲಾನೂ ಹರಿದುಕೊಟ್ರಂತೆ. ಬಂದು, ಬಾಣಂತಿಗೆ ಹೊಟ್ಟೆ ಕಟ್ಟಿದಂಗೆ ಭದ್ರವಾಗಿ ಕಟ್ಟಿದ್ವಿ ಕಣೇ, ಒಳಗೆ ಏನೈತೋ ನಿನ್ನ ಸೊಸೇನೇ ಬಿಚ್ಚಿ ಹೇಳಬೇಕು ಅಂತ ಸಂಭ್ರಮ ಪಟ್ರು. ಆ ಗಂಟು ನಿಮ್ಮ ಕಾಲೇಜಿನ ಉಗ್ರಾಣದಲ್ಲಿ ಸರದಿ ಕಾಯ್ತಾ ಕೂತಿತ್ತು. ನೀನು ಬಿಚ್ಚೋ ಹೊತ್ತಿಗೆ ಅವರೇ ಇರಲಿಲ್ಲ.

ನಿಮ್ ದೊಡ್ಡಮಾವ ಕರಿಯಯ್ಯನ ಸಂಗತಿ ನಿನಗೆ ಗೊತ್ತೇ ಐತೆ. ಹಿರಿಯರ ಹಬ್ಬಕ್ಕೆ ನೀನು ಆ ದವಡೆಯ ಪ್ಲಾಸ್ಟರ್ ಅಚ್ಚು ತಂದು ಸೀರೇಲಿ ಸುತ್ತಿ ನಡುಮನೇಲಿ ಇಟ್ಟಾಗ, ಎಡೆ ಇಕ್ಕೋ ಮನೇಲಿ ಮೂಳೆ ತಂದು ಮೈಲಿಗೆ ಮಾಡಿದ್ರು ಅಂತ ಗಂಜಲ ಚಿಮುಕಿಸಿ ಅದರ ಬಣ್ಣವೆಲ್ಲ ಇಳಿಸಿದ್ದು ಅವರೇ ತಾನೇ. ಮೂಳೆಯಲ್ಲ, ಬರೀ ಸುಣ್ಣದಂಥ ಪುಡೀಲಿ ಮಾಡಿದ ಗೊಂಬೆ ಅಂದ್ರೂ ಕೇಳಲಿಲ್ಲ. ಈಗ ಹೆಸರಿನ ಮಾತು ಕಿವಿಗೆ ಬಿದ್ದು ಶುಕ್ರವಾರ ದೊಣ್ಣೆ ಊರಿಕೊಂಡು ಬಂದ್ರು. ತಾತನ ಎಸ್ರು ಮೊಮ್ಮಗಂಗೆ, ಅದು ನಮ್ಮನೆ ಪದ್ದತಿ, ಸತ್ತ ಮೃಗಕ್ಕೆ ಇಟ್ಟುಬುಟ್ರೆ ನಾಳೆ ಉಟ್ಟೋ ಮಗೀಗೆ ಏನ್ ಇಕ್ಕೀರಿ ಅಂತ ಕೂಗಾಡಿದ್ರು. ಅವರನ್ನ ಬೈಯೋಕೆ ನನಗೆ ಬಾಯಿ ಬರಲಿಲ್ಲ ಕಣಮ್ಮಾ. ಯಾಕಂದ್ರೆ ನಾನೂ ಅದನ್ನೇ ಅಂದ್ಕೊಂಡಿದ್ದೆ. ನಿಮಗೆ ಮದುವೆಯಾಗಿ ಏಳು ವರ್ಷ ಆಗ್ತಾ ಬಂತು, ನಾನು ಒಂದು ದಿನಾನೂ ಕೇಳಲಿಲ್ಲ, ಕೇಳಬಾರದು ಅಂತ ನಾಲಿಗೆ ಕಚ್ಕೊಂಡು ಇದ್ದೆ. ಆದ್ರೆ ಒಳಗೊಳಗೇ ಆ ಹೆಸರನ್ನ ಒಂದು ಕೂಸಿಗೆ ಅಂತ ಎತ್ತಿಟ್ಟಿದ್ದೆ. ನೀನು ಅದನ್ನ ಕೇಳಿದಾಗ ನನಗೆ ಬೇರೆಯೇ ಅನುಮಾನ ಬಂತು. ಇವರಿಗೆ ಇನ್ನು ಮಗು ಆಗಲ್ವೇನೋ, ಇಲ್ಲಾ ಬೇಡ ಅಂತ ತೀರ್ಮಾನ ಮಾಡ್ಕೊಂಡವ್ರೇನೋ, ಅದನ್ನ ನನಗೆ ಹಿಂಗೆ ಹೇಳ್ತಾವ್ಳೇನೋ ಅಂತ. ಯತೀಶನ ಮುಖ ನೋಡಿದೆ. ಅವನು, ಅದು ಅತ್ತೆ ಸೊಸೆ ಮಾತು, ನಾನು ಬರಲ್ಲ ಅಂತ ಹಟ್ಟಿ ಕಡೆಗೆ ಹೋದ. ಎರಡು ದಿನ ನನಗೆ ಊಟ ಸೇರಲಿಲ್ಲ.

ಸಂಕ್ರಾಂತಿಗೆ ಎತ್ತುಗಳಿಗೆ ಅರಿಶಿನ ಬಳಿದು ಕಿಚ್ಚು ಹಾಯಿಸಿದ್ವಿ. ನಿನ್ನ ಪಾಲಿನ ಎಳ್ಳುಬೆಲ್ಲ, ಸಕ್ಕರೆಅಚ್ಚು ಡಬ್ಬೀಲಿ ಎತ್ತಿಟ್ಟಿದ್ದೀನಿ, ರಾಗಿಹಿಟ್ಟಿನ ಜೊತೆ ಬರುತ್ತೆ, ಜೊತೆಯಲ್ಲಿರೋ ಹುಡುಗೀರಿಗೂ ಕೊಡು. ಕವಿತ, ವನಜಾ ಇಬ್ಬರೂ ನಿನ್ನ ಕೇಳಿದ್ರು ಅಂತ ಬರೆಯೋಕೆ ಹೇಳವ್ರೆ. ಬಿಸಿಲಲ್ಲಿ ಜಾಸ್ತಿ ನಿಲ್ಲಬೇಡ, ಕೆಮ್ಮು ಬಿಡದಿದ್ರೆ ಡಾಕ್ಟರ ಹತ್ರ ಹೋಗು. ನಿನ್ನ ಕೈಗೆ, ಕಣ್ಣಿಗೆ, ಕೆಲಸಕ್ಕೆ ಯಾವ ಕೇಡೂ ಬರದಿರಲಿ.

ಇತಿ,
ನಿನ್ನ ಅತ್ತೆ
ಸಣ್ಣತಾಯಮ್ಮ

ತಾ.ಕ.: ಯತೀಶ ಬೈಕು ಆಚೆಗೆ ತಂದು ಹಾರನ್ ಹೊಡೀತಾವ್ನೆ. ಕಾಗದದ ಫೋಟೋ ತೆಗೆದು ಈಗಲೇ ನಿನಗೆ ಕಳಿಸಿ, ಆಮೇಲೆ ಮದ್ದೂರಲ್ಲಿ ಪೋಸ್ಟಿಗೂ ಹಾಕ್ತಾನಂತೆ. ಇಡು ಕಣಮ್ಮಾ, ಆ ಹೆಸರೇ ಇಡು. ಕರಿಯಯ್ಯನ ಹತ್ರ ನಾನು ಮಾತಾಡ್ತೀನಿ. ಕೂಸು ಬಂದ್ರೆ ಲೋಕದಲ್ಲಿ ಹೆಸರಿಗೇನು ಬರವಾ? ಬರದಿದ್ರೂ ಸರಿ, ಈ ಮನೆಗೆ ನೀನು ಬಂದಿದ್ದೀಯ, ನನಗೆ ಅಷ್ಟೇ ಸಾಕು. ನಿನ್ನೆ ಭಾನುವಾರವೇ ಈ ತೀರ್ಮಾನಕ್ಕೆ ಬಂದಿದ್ದೆ. ಫೋನಲ್ಲೇ ಹೇಳಮ್ಮ, ಹೆಸರನ್ನ ನೀನೇ ಬಾಯ್ತುಂಬ ಹೇಳಿದ್ರೆ ಅವಳಿಗೆ ಸಮಾಧಾನ ಅಂತ ಯತೀಶ ನಂಬರು ಒತ್ತಿ ಕೊಟ್ಟ. ನಾನು ರಿಂಗ್ ಆಗೋದ್ರೊಳಗೇ ಕಟ್ ಮಾಡಿಬುಟ್ಟೆ. ಗಂಡನ ಹೆಸರು ನನ್ನ ಬಾಯಲ್ಲಿ ಬರಲ್ಲ ಕೂಸೇ. ರೇಷನ್ ಕಾರ್ಡಿಗೂ ಪಕ್ಕದೋರ ಕೈಲಿ ಹೇಳಿಸಿದೋಳು, ಅವರನ್ನ ಮಣ್ಣಿಗೆ ಇಡುವಾಗ್ಲೂ ಹೆಸರು ಹಿಡಿದು ಅಳಲಿಲ್ಲ. ನಿನಗೆ ಗೊತ್ತಿರೋ ಹೆಸರೇ, ಆದ್ರೂ ನನ್ನ ಕೈಯಿಂದಲೇ ಬರಲಿ ಅಂತ ಬರೀತಾ ಇದ್ದೀನಿ, ಹುಟ್ಟಿದಾಗಿಂದ ಇದೇ ಮೊದಲು. ಮಾದಯ್ಯ.