ಪೊರ್ಬುಗಳ ಮದ್ದಳೆ ಮತ್ತು ನಿಮ್ಮ ಕಡತ

ನನ್ನ ಅಭಿಪ್ರಾಯಗಳ ಮೇಲೆ ನನಗಿಂತಲೂ ಹೆಚ್ಚು ನಿಗಾ ಇಟ್ಟಿರುವ ಗುಪ್ತಚರ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಒಂದು ಕಡತದಿಂದಾಗಿ ಪುತ್ತೂರಿನ ದರ್ಬೆಯ ದರ್ಜಿ ಲಾಜರ್ ಪೊರ್ಬುಗಳು ಮದ್ದಳೆ ಮುಟ್ಟುವುದನ್ನೇ ಬಿಟ್ಟಿದ್ದಾರೆ. ನನ್ನ ಮುಖ ನೋಡುವುದನ್ನೂ ಬಿಟ್ಟಿದ್ದಾರೆ. ಈ ಬಹಿರಂಗ ಪತ್ರಕ್ಕೆ ಕಾರಣ ಇಷ್ಟೇ. ನೀವು ಗುಟ್ಟಾಗಿ ಬರೆದುಕೊಂಡದ್ದಕ್ಕೆ ನಾನು ಬಹಿರಂಗವಾಗಿಯೇ ಉತ್ತರಿಸಬೇಕಷ್ಟೆ?

ನಾನು ಶಾಲಾ ಮಾಸ್ತರ, ಬಿಡುವಿದ್ದಾಗ ಯಕ್ಷಗಾನ ಪ್ರಸಂಗ ಬರೆಯುವವನು. ಕ್ರೈಸ್ತರಾದ ಪೊರ್ಬುಗಳು ನನ್ನ ಅಂಗಿ ಹೊಲಿಯುತ್ತ ಹೇಳಿದ ಯೇಸುವಿನ ಕಥೆಯನ್ನು ಈ ವರ್ಷ ಪದ್ಯಕ್ಕೆ ಇಳಿಸಿದೆ. ಪ್ರತಿ ಆದಿತ್ಯವಾರ ಮಧ್ಯಾಹ್ನ ಅವರ ಅಂಗಡಿಯ ಜಗಲಿಯಲ್ಲೇ ತಾಳಮದ್ದಳೆ ಇಟ್ಟುಕೊಂಡೆವು, ಮದ್ದಳೆ ಅವರದೇ. ಮೊದಲ ವಾರದಿಂದಲೇ ಕಂಬದ ಹಿಂದೆ ಒಬ್ಬರು ಬರೆಯುತ್ತ ಕುಳಿತಿದ್ದರು. ಪಾಪ, ಕಿವಿ ಮಂದವೋ ಏನೋ ಎಂದು ಪೊರ್ಬುಗಳು, "ಅಲ್ಲಿ ಎಂತ ಮಾಡುದು ಮಾರಾಯ್ರೆ, ಮುಂದೆ ಬನ್ನಿ, ಚಾಪೆ ಉಂಟು" ಎಂದು ಕರೆದು ಬೆಲ್ಲ, ನೀರು ಕೊಟ್ಟರು. ಅವರು ನಿಮ್ಮ ಪೇದೆ, ಘಟ್ಟದ ಮೇಲಿನಿಂದ ಹೊಸದಾಗಿ ಬಂದವರು ಎಂದು ತಿಳಿದದ್ದು ಠಾಣೆಯಿಂದ ಕರೆ ಬಂದ ಮೇಲೆ.

ಅಲ್ಲಿ ವರದಿಯನ್ನು ನನಗೇ ಓದಿ ಹೇಳಿದರು. ಮೊದಲ ವಾರ: "ಮೇದಪ್ಪ ಮಾಸ್ತರರು ಯೇಸುವನ್ನು ಧರ್ಮದ್ರೋಹಿ ಎಂದು ಒಂದೂವರೆ ಗಂಟೆ ನಿಂದಿಸಿದರು. ಉಗ್ರ ಕ್ರೈಸ್ತವಿರೋಧಿ." ಎರಡನೆಯ ವಾರ: "ಯೇಸುವೇ ತನ್ನ ಗುರುವೆಂದು ಕಣ್ಣೀರಿಟ್ಟರು. ಮತಾಂತರ ಸನ್ನಿಹಿತ." ಮೂರನೆಯ ವಾರ: "ಯಾವ ಪಕ್ಷಕ್ಕೂ ಸೇರದೆ ಚೆಂಬಿನ ನೀರಲ್ಲಿ ಕೈ ತೊಳೆದುಕೊಂಡರು. ಚಂಚಲ ಸ್ವಭಾವ, ಹೆಚ್ಚಿನ ನಿಗಾ ಅಗತ್ಯ."

ಮಾನ್ಯರೇ, ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ನಾವು ಉಟ್ಟ ಪಂಚೆಯಲ್ಲೇ ಕುಳಿತು ಪಾತ್ರದ ಪರವಾಗಿ ವಾದಿಸುತ್ತೇವೆ, ಅದಕ್ಕೇ ಅರ್ಥ ಹೇಳುವುದು ಎನ್ನುತ್ತೇವೆ. ಮೊದಲ ವಾರ ನಾನು ಯೇಸುವನ್ನು ಹಿಡಿಸಿದ ಮಹಾಯಾಜಕ, ಎರಡನೆಯ ವಾರ ಶಿಷ್ಯ ಪೇತ್ರ, ಮೂರನೆಯ ವಾರ ತೀರ್ಪು ಕೊಟ್ಟು, ಪಾಪ ತನ್ನದಲ್ಲವೆಂದು ಕೈ ತೊಳೆದುಕೊಂಡ ಅಧಿಕಾರಿ ಪಿಲಾತ. ಕಳೆದ ವರ್ಷ ಇದೇ ಜಗಲಿಯಲ್ಲಿ ದುರ್ಯೋಧನನಾಗಿ ಪಾಂಡವರಿಗೆ ಐದೂರನ್ನೂ ಕೊಡೆನೆಂದು ಹಟ ಹಿಡಿದಿದ್ದೆ. ಆಗ ಕಂದಾಯ ಇಲಾಖೆಗೆ ಒಂದು ಕಾಗದ ಹಾಕಲು ನಿಮಗೆ ಏಕೆ ತೋಚಲಿಲ್ಲ? ಇನ್ನು ಕ್ರೈಸ್ತಧರ್ಮದ ಬಗ್ಗೆ ನನ್ನ ಸ್ವಂತ ಅಭಿಪ್ರಾಯವೇನು ಎಂದು ನಿಮ್ಮವರು ನಾಲ್ಕು ಸಲ ಕೇಳಿದರು. ನಿಜ ಹೇಳಬೇಕೆಂದರೆ, ಒಳ್ಳೆಯ ಕಥೆ, ಅಂತ್ಯ ಮಾತ್ರ ಸಂಕಟದ್ದು. ಇದಕ್ಕಿಂತ ಹೆಚ್ಚಿನ ಅಭಿಪ್ರಾಯ ಮೂಡಿದರೆ ನಾನೇ ತಿಳಿಸುತ್ತೇನೆ, ಪೇದೆಯವರನ್ನು ಬಿಸಿಲಿಗೆ ಅಟ್ಟಬೇಡಿ.

ಇಲ್ಲಿಯವರೆಗಿನದು ನಗುವ ಸಂಗತಿಯೇ. ಆದರೆ ನನ್ನನ್ನು ಬಿಟ್ಟು ನೀವು ಪೊರ್ಬುಗಳನ್ನು ಹಿಡಿದಿರಿ. ಮಾಸ್ತರರಿಗೆ ಈ ಕಥೆ ಹೇಳಿಕೊಟ್ಟವರು ಯಾರು, ಇಗರ್ಜಿಯ ಕಡೆಗೆ ಎಳೆಯುತ್ತಿರುವವರು ಯಾರು ಎಂದು ಮೂರು ಸಲ ಠಾಣೆಗೆ ಕರೆಸಿದಿರಿ. ಮೂರನೆಯ ಸಲ ಅವರು ಬರೆದುಕೊಟ್ಟದ್ದನ್ನೂ ನಿಮ್ಮವರು ನನಗೆ ತೋರಿಸಿದರು: "ಸದರಿ ಮೇದಪ್ಪನವರ ಪರಿಚಯ ನನಗಿಲ್ಲ." ಹನ್ನೊಂದು ವರ್ಷ ನನ್ನ ಭುಜ, ಎದೆ ಅಳೆದ ಕೈಯ ರುಜು ಅದು. ನೇರ ಅಂಗಡಿಗೆ ಹೋದೆ. ಪೊರ್ಬುಗಳು ತಲೆ ಎತ್ತಲಿಲ್ಲ. "ಮಾಸ್ಟ್ರೆ, ನಂಗೆ ಎರಡು ಹೆಣ್ಣುಮಕ್ಕಳುಂಟು. ಮದ್ದಳೆಗೆ ಬೇರೆ ಯಾರನ್ನಾದ್ರೂ ನೋಡಿ" ಎಂದರು. ಮತ್ತೆ ಮಿಷನ್ನು ತುಳಿಯತೊಡಗಿದರು, ಸೂಜಿಯಲ್ಲಿ ನೂಲೇ ಇರಲಿಲ್ಲ.

ಆ ಕಥೆಯಲ್ಲಿ ಗುರುವನ್ನು ಹಿಡಿದೊಯ್ದಾಗ ಪೇತ್ರ ಅಂಜಿ, "ಆ ಮನುಷ್ಯನನ್ನು ಅರಿಯೆ" ಎಂದು ಮೂರು ಸಲ ಹೇಳುತ್ತಾನೆ. ಪ್ರೀತಿ ಇದ್ದವನು ಹಾಗೆ ಏಕೆ ಹೇಳಿದ ಎಂದು ಆ ಆದಿತ್ಯವಾರ ನಾನು ಒಂದು ಗಂಟೆ ವಾದಿಸಿದ್ದೆ, ಎಲ್ಲರೂ ಭೇಷ್ ಎಂದಿದ್ದರು. ಪೊರ್ಬುಗಳು ಮಾತ್ರ, "ಚಂದ ಆಯಿತು ಮಾಸ್ಟ್ರೆ, ಆದ್ರೆ ಹೆದರಿಕೆ ಸ್ವಲ್ಪ ಕಮ್ಮಿ ಆಯ್ತು" ಎಂದಿದ್ದರು. ಅವರ ಮಾತು ಸರಿ. ಹೆದರಿಕೆ ಏನೆಂದು ನನಗೆ ಗೊತ್ತಿರಲಿಲ್ಲ, ನೀವು ತೋರಿಸಿಕೊಟ್ಟಿರಿ.

ಆದ್ದರಿಂದ ನನ್ನ ಬೇಡಿಕೆ ಒಂದೇ. ನನ್ನ ಕಡತವನ್ನು ಬೇಕಾದಷ್ಟು ದಪ್ಪ ಮಾಡಿಕೊಳ್ಳಿ. ಪೊರ್ಬುಗಳ ಆ ಹೇಳಿಕೆಯನ್ನು ಮಾತ್ರ ಅವರ ಅಂಗಡಿಗೆ ನೀವೇ ತಂದು, ಅವರ ಕಣ್ಣೆದುರು ಹರಿದುಹಾಕಿ. ಬರುವಾಗ ಪೇದೆಯವರನ್ನೂ ಕರೆತನ್ನಿ, ಚಾಪೆ ಹಾಸಿಡುತ್ತೇನೆ. ಮುಂದಿನ ಪ್ರಸಂಗದಲ್ಲಿ ಪೇತ್ರನ ಅರ್ಥ ನಾನು ಹೇಳುವುದಿಲ್ಲ. ಪೊರ್ಬುಗಳು ಒಪ್ಪಿದರೆ ಅವರೇ ಹೇಳಲಿ, ಮದ್ದಳೆ ನಾನು ಹಿಡಿಯುತ್ತೇನೆ, ತಾಳ ತಪ್ಪಿದರೂ ಸರಿ.

ಇಂತಿ,
ಲಾಜರ್ ಪೊರ್ಬುಗಳಿಗೆ ಪರಿಚಯವಿಲ್ಲದ,
ಅವರೇ ಹೊಲಿದ ಅಂಗಿ ತೊಟ್ಟ,
ಮೇದಪ್ಪ
ದರ್ಬೆ, ಪುತ್ತೂರು, ೧೯೫೮