ಕಂಡೆನೋ, ನೋಡಿದೆನೋ

ಚಿಲೊಂಗೊ ಕಾವಲು ಕ್ಯಾಂಪ್,
ಲುವಾಂಗ್ವಾ ನದಿ ಕಡೆ, ಜಾಂಬಿಯಾ
ಗುರುವಾರ, 12 ಆಗಸ್ಟ್ 1993

ಪ್ರೀತಿಯ ಮೋಫತ್,

ಹೇಗಿದ್ದೀಯಪ್ಪಾ? ಹಲ್ಲುನೋವು ಇಳಿಯಿತೇ? ಚಿಪಾಟಾದಲ್ಲಿ ಈ ಸಲ ಚಳಿ ಜಾಸ್ತಿ ಎಂದು ಲಾರಿಯ ಬಾಂಡಾ ಹೇಳಿದ. ನಿನ್ನ ಅಮ್ಮ ಹುರಿದ ಶೇಂಗಾ, ಒಣಮೀನು ಕಟ್ಟಿಕೊಟ್ಟಿದ್ದಾಳೆ; ಎಲ್ಲವನ್ನೂ ಸೈಕಲ್ ಅಂಗಡಿಯ ಗೆಳೆಯರಿಗೆ ಹಂಚಿ ನೀನು ಬಾಯಿ ಬಿಟ್ಟುಕೊಂಡು ಕೂರಬೇಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ, ಮಂಡಿನೋವು ಇದ್ದ ಹಾಗೇ ಇದೆ, ತಲೆ ಮಾತ್ರ ಕೆಟ್ಟು ಕೆರ ಹಿಡಿದಿದೆ. ಇಂಗ್ಲಿಷ್ ಕಲಿಯುವ ವಯಸ್ಸೇ ನನ್ನದು?

ವಿಷಯ ಹೇಳುತ್ತೇನೆ, ಗಮನವಿಟ್ಟು ಓದು. ಇಪ್ಪತ್ತೆರಡು ವರ್ಷ ಈ ಕಾಡು ಕಾದಿದ್ದೇನೆ. ನಡೆದದ್ದನ್ನು ಬಾಯಲ್ಲಿ ಹೇಳಿದರೆ ಸಾಕಿತ್ತು. ಲುಸಾಕಾದಿಂದ ಬಂದ ಹೊಸ ವಾರ್ಡನ್‌ಗೆ ಎಲ್ಲವೂ ಇಂಗ್ಲಿಷಿನಲ್ಲೇ ಬರೆದು ಬರಬೇಕಂತೆ. ಮೂರು ವಾರದ ಹಿಂದೆ ಒಂದು ಮಧ್ಯಾಹ್ನ ಮೂವರು ಕಾಡೆಮ್ಮೆಯ ಮಾಂಸ ಹೊತ್ತು ನದಿ ದಾಟಿಹೋದರು. ಮರುದಿನ ತಂತಿಯ ಉರುಳು, ಚರ್ಮ, ಕೊಂಬು ಸಿಕ್ಕವು. ಅಂದು ನದಿ ದಾರಿಯ ಗಸ್ತು ನಿನ್ನ ಫೈಕಾನಿ ಚಿಕ್ಕಪ್ಪನ ಹೆಸರಿನಲ್ಲಿತ್ತು. ಪಾಪ, ಜ್ವರ ಬಂದು ಮರದ ಕೆಳಗೆ ಮಲಗಿಬಿಟ್ಟಿದ್ದ. ಅವನ ಬದಲು ದಡಕ್ಕೆ ಹೋದವನು ನಾನು. ಆದರೆ ವಾರ್ಡನ್ ಹಿಡಿದದ್ದು ಅವನನ್ನು. ಕಳ್ಳರ ಜೊತೆ ಕೈಜೋಡಿಸಿ ದಾರಿ ಬಿಟ್ಟಿದ್ದಾನೆ ಎಂದು ಕೆಲಸದಿಂದ ನಿಲ್ಲಿಸಿದ್ದಾರೆ. ಸೋಮವಾರ ನನ್ನ ವರದಿ ಓದಿ ಅವನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ತೀರ್ಮಾನ. ಕೆಲಸ ಹೋದರೆ ಕ್ಯಾಂಪಿನ ಮನೆಯೂ ಹೋಯಿತು. ಐದು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಾನೆ?

ಒಂದು ವರದಿ ಬರೆದೆ. ಹೆಜ್ಜೆ ಕೇಳಿದೆ, ತಂಬಾಕಿನ ಹೊಗೆ ಕೇಳಿದೆ, ಗಾಳಿಯ ಚಳಿ ಕೇಳಿದೆ ಎಂದು. ನಮ್ಮ ಮಾತಿನಲ್ಲಿ ಕಿವಿಗೂ ಮೂಗಿಗೂ ಮೈಗೂ ಒಂದೇ ಪದ ಸಾಕಲ್ಲ, ಅದನ್ನೇ ಇಂಗ್ಲಿಷಿಗೆ ಹೊತ್ತುಕೊಂಡು ಹೋದೆ. ವಾರ್ಡನ್ ಬಿದ್ದು ಬಿದ್ದು ನಕ್ಕ. "ಏನಯ್ಯಾ ಸಕಾಲಾ, ಹೊಗೆ ಕಿವೀಲಿ ಬಂತಾ? ಮೂಗೇನು ಅಲಂಕಾರಕ್ಕೆ ಇಟ್ಕೊಂಡಿದೀಯಾ?" ಎಂದ. ಟೈಪ್ ಮಾಡುವ ಹುಡುಗಿಯೂ ಬಾಯಿಗೆ ಕೈ ಅಡ್ಡ ಹಿಡಿದಳು. ಥೂ, ನನ್ನ ಮಾನ ಹರಾಜಾಯಿತು.

ಅದು ಹೋಗಲಿ, ತಿದ್ದಿದೆ. ಕಣ್ಣಿನ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ವಾರ್ಡನ್ ಎದುರಿಗೆ ಕೂರಿಸಿಕೊಂಡು ಹೇಳಿದ: "ತಾನಾಗಿ ಕಣ್ಣಿಗೆ ಬಿದ್ರೆ ಸೀ. ನೀನೇ ಕಣ್ಣು ಹಾಯಿಸಿದ್ರೆ ಲುಕ್. ಕಣ್ಣು ಕೀಳದೆ ನಿಂತ್ಕೊಂಡ್ರೆ ವಾಚ್. ಇದ್ರಲ್ಲಿ ಯಾವ್ದು ಮಾಡ್ದೆ, ಅದನ್ನ ಬರಿ." ಕೇಳಲು ಸುಲಭ. ಸೀ ಎಂದು ಬರೆದರೆ, ಯಾರನ್ನು ಕಂಡೆ ಎನ್ನುತ್ತಾನೆ. ವಾಚ್ ಎಂದರೆ, ಕೈಯಲ್ಲಿ ಬಂದೂಕಿದ್ದೂ ಸುಮ್ಮನೆ ಯಾಕೆ ನಿಂತೆ ಎನ್ನುತ್ತಾನೆ. ಲುಕ್ ಒಂದೇ ಮೆತ್ತಗಿದೆ. ಕಣ್ಣು ಹಾಯಿಸಿದೆ, ಏನೂ ಕಾಣಲಿಲ್ಲ ಎಂದರೆ ನಾನು ಪಾರು. ಆದರೆ ದಾರಿ ಬಿಟ್ಟವನು ಫೈಕಾನಿಯೇ ಎಂದಾಗಿ ಅವನ ಕಥೆ ಅಲ್ಲಿಗೆ ಮುಗಿಯಿತು. ನಾಲ್ಕು ಹಾಳೆ ಹರಿದು ಒಲೆಗೆ ಹಾಕಿದ್ದೇನೆ. ಒಮ್ಮೊಮ್ಮೆ ಕಂಡೆ ಅನ್ನಿಸುತ್ತದೆ, ಒಮ್ಮೊಮ್ಮೆ ಬಿಸಿಲಿನಲ್ಲಿ ಕಣ್ಣು ಮೋಸಮಾಡಿತೇನೋ ಅನ್ನಿಸುತ್ತದೆ. ನೀನು ಹನ್ನೆರಡನೇ ಕ್ಲಾಸು ಪಾಸಾದವನು, ನೀನೇ ಹೇಳು.

ನಿನ್ನೆ ಫೈಕಾನಿ ಬಂದಿದ್ದ. ಜ್ವರಕ್ಕೆ ಅರ್ಧವಾಗಿದ್ದಾನೆ. ಅಮ್ಮ ಮೆಕ್ಕೆಜೋಳದ ನ್ಸೀಮಾ ಮುದ್ದೆ, ಸೊಪ್ಪು ಬಡಿಸಿದಳು; ಕೈ ತೊಳೆದವನು ಮುದ್ದೆ ಮುಟ್ಟಲಿಲ್ಲ. "ಅಣ್ಣಾ, ನಂಗೋಸ್ಕರ ಸುಳ್ಳು ಬರೀಬೇಡ. ನಿಂಗೆ ಏನು ಕಾಣಿಸ್ತೋ ಅಷ್ಟು ಬರಿ, ಸಾಕು" ಎಂದ. ನಾನೂ ತಟ್ಟೆ ಪಕ್ಕಕ್ಕೆ ಸರಿಸಿದೆ. ಇವನ ಎದುರು ಕೂತು ಉಣ್ಣುವುದು ಹೇಗೆ ಎಂದು ನಾಚಿಕೆಯಾಯಿತು.

ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ. ತಂಗಿ ತಿಸಾವುಕೆ ನಿನ್ನನ್ನು ದಿನಾ ಕೇಳುತ್ತಾಳೆ.

ನಿನ್ನ ಅಪ್ಪ,
ಯೋತಾಮು ಸಕಾಲಾ

ತಾ.ಕ.: ಬಾಂಡಾ ಹಾರ್ನ್ ಹೊಡೆಯುತ್ತಿದ್ದಾನೆ. ಇಷ್ಟುದ್ದ ಬರೆದೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಆ ಮೂವರಲ್ಲಿ ಕೊನೆಯವನು ನೀನು. ನೀನು ಹಿಂದಿರುಗಿ ನೋಡಲಿಲ್ಲ. ನಾನು ಕೂಗಬೇಕಿತ್ತು, ಕೂಗಲಿಲ್ಲ. ಸೊಂಟದ ಮಟ್ಟದ ನೀರು, ಎಲ್ಲಿ ಮೊಸಳೆ ನಿನ್ನ ಕಾಲು ಹಿಡಿಯುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು, ನೀನು ಆಚೆ ದಡ ಹತ್ತುವ ತನಕ ಕಣ್ಣು ಕೀಳದೆ ನಿಂತಿದ್ದೆ. ಅದಕ್ಕೆ ಯಾವ ಪದ ಎಂದು ನನಗೆ ಗೊತ್ತು ಮಗಾ. ಸೋಮವಾರ ಅದನ್ನೇ ಬರೆಯುತ್ತೇನೆ, ನಿನ್ನ ಹೆಸರನ್ನೂ ಬರೆಯುತ್ತೇನೆ. ಅದಕ್ಕೆ ಮೊದಲು ನೀನೇ ಬಂದರೆ, ವಾರ್ಡನ್ ಹತ್ತಿರ ಇಬ್ಬರೂ ಒಟ್ಟಿಗೆ ಹೋಗೋಣ. ಅಮ್ಮನಿಗೆ ಇನ್ನೂ ಹೇಳಿಲ್ಲ. ಸುತ್ತಾದರೂ ಪರವಾಗಿಲ್ಲ, ಸೇತುವೆ ಮೇಲೆ ಬಾ. ನದಿಗೆ ಇಳಿಯಬೇಡ.